ನೋಡೋಣಕ್ಕನ ಚುಕ್ಕಿ ಹಾಳೆ

ಬೆಳಗಿನ ಐದೂವರೆ. ಗೋದಾಮುಗಳ ಸಾಲಿನ ಕೊನೆಯ ಶೆಡ್ಡಿನಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಕಬ್ಬಿಣದ ಸ್ಟೂಲಿನ ಮೇಲೆ ಒಬ್ಬ ಹೆಂಗಸು ಕಣ್ಣು ಮುಚ್ಚಿಕೊಂಡು ಕೂತಿದ್ದಾರೆ. ತೂಕಡಿಕೆ ಎಂದುಕೊಂಡರೆ ಕೆಟ್ಟಿರಿ. ಅವರ ಮುಂದಿನ ಬೆಂಚಿನ ವೈಸಿನ ಹಿಡಿತದಲ್ಲಿ ಟರ್ಬೊ ಒಂದು ಕೂತಿದೆ; ಅದರ ನಡುವಿನ ಶಾಫ್ಟಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಆಚೆ ಈಚೆ ಅಲುಗಿಸುತ್ತಿದ್ದಾರೆ. ಕೂದಲೆಳೆಯಷ್ಟು ಆಟ ಇರಬೇಕು. ಎರಡು ಕೂದಲೆಳೆಯಷ್ಟಿದ್ದರೆ ಮತ್ತೆ ಬಿಚ್ಚಬೇಕು.

"ಸರಿಯಿದೆ ಅನ್ಸತ್ತೆ" ಎನ್ನುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು, "ಇಲ್ವೇನೋ" ಎನ್ನುತ್ತಾರೆ. ಇನ್ನೂ ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಬಿಟ್ಟು, "ನೋಡೋಣ" ಎನ್ನುತ್ತಾರೆ.

ಆ ಕೊನೆಯ ಮಾತೇ ಅವರ ಹೆಸರಾಗಿ ಎಷ್ಟೋ ವರ್ಷವಾಯಿತು. ಲಾರಿಯವರಿಗೆ, ಕಾರಿನವರಿಗೆ, ಪಕ್ಕದ ವೆಲ್ಡರಿಗೆ, ಕೊನೆಗೆ ಕಟ್ಟಿಕೊಂಡ ಗಂಡನಿಗೂ ಅವರು ನೋಡೋಣಕ್ಕ. ಯಾವುದೇ ಪ್ರಶ್ನೆಗೆ ಅವರು ಹೌದು ಎಂದದ್ದನ್ನು ಕೇಳಿದವರಿಲ್ಲ, ಇಲ್ಲ ಎಂದದ್ದನ್ನೂ ಕೇಳಿದವರಿಲ್ಲ. ಈ ಹನ್ನೊಂದು ದಿನದಿಂದಂತೂ ಅಕ್ಕನ ತಲೆ ಕೆಟ್ಟು ಮೊಸರುಗಡಿಗೆಯಾಗಿದೆ. ಅದಕ್ಕೆ ಕಾರಣ ಹಿಂದೆಯೇ ನಿಂತಿದೆ, ಬಾನೆಟ್ ಬಾಯಿ ತೆರೆದುಕೊಂಡು: ಆರು ಸಿಲಿಂಡರಿನ ಕಂದು ಬಣ್ಣದ ಕಾರು. ಮಧ್ಯಾಹ್ನ ಅದರ ಒಡತಿ ಬರುತ್ತಾರೆ. ಅಷ್ಟರೊಳಗೆ ಈ ಟರ್ಬೊ ಅದರ ಮೈಗೆ ಹತ್ತಬೇಕು, ಹತ್ತಿದ ಮೇಲೆ ಎಂಜಿನ್ ಬದುಕಬೇಕು.

ಟರ್ಬೊ ಎಂದರೇನು ಎಂದು ಕೇಳುವ ನಮ್ಮಂಥ ದಡ್ಡರಿಗೆ ಅಕ್ಕ ಬೇಸರವಿಲ್ಲದೆ ಹೇಳುತ್ತಾರೆ. ಎಂಜಿನ್ ಬಿಡುವ ಬಿಸಿ ಹೊಗೆಯ ದಾರಿಯಲ್ಲಿ ಒಂದು ಪುಟ್ಟ ಫ್ಯಾನು. ಅದೇ ಶಾಫ್ಟಿನ ಇನ್ನೊಂದು ತುದಿಗೆ ಇನ್ನೊಂದು ಫ್ಯಾನು. ಹೊಗೆ ಮೊದಲನೆಯದನ್ನು ತಿರುಗಿಸಿದರೆ ಎರಡನೆಯದು ಹೊರಗಿನ ಗಾಳಿಯನ್ನು ಎಂಜಿನ್ನಿಗೆ ತುರುಕುತ್ತದೆ. ನಿಮಿಷಕ್ಕೆ ಒಂದು ಲಕ್ಷ ಸುತ್ತು. ಗಾಳಿ ಹೆಚ್ಚಿದಷ್ಟೂ ಬಲ. "ಬಿಟ್ಟ ಉಸಿರಿಂದಲೇ ಮುಂದಿನ ಉಸಿರು ಎಳ್ಸೋದು, ಅಷ್ಟೇನಪ್ಪ" ಎಂದು ಮುಗಿಸುತ್ತಾರೆ. ಇಷ್ಟಾದರೆ ಸಲೀಸು. ಗೊಂದಲ ಶುರುವಾಗುವುದೇ ಅಳತೆಯಲ್ಲಿ. ಚಿಕ್ಕ ಟರ್ಬೊ ಬೇಗ ಏಳುತ್ತದೆ, ಬೇಗ ಏದುಸಿರು ಬಿಡುತ್ತದೆ. ದೊಡ್ಡದು ಏಳುವುದು ತಡ, ಎದ್ದರೆ ಹಿಡಿಯುವವರಿಲ್ಲ. ಮೊನ್ನೆಯವರೆಗೂ ಅಕ್ಕ ಬೆಂಚಿನ ಮೇಲೆ ಹಳೆಯ ಟವೆಲ್ ಹಾಸಿ ಇಬ್ಬರನ್ನೂ ಮಲಗಿಸಿದ್ದರು. ಅವರ ಬಾಯಲ್ಲಿ ಒಬ್ಬ ಚಿಕ್ಕವನು, ಇನ್ನೊಬ್ಬ ದೊಡ್ಡವನು, ಹೆತ್ತ ಮಕ್ಕಳ ಹಾಗೆ.

ಅಕ್ಕನಿಗೆ ಈಗ ಐವತ್ತೆರಡು. ಇಪ್ಪತ್ತಾರನೆಯ ವಯಸ್ಸಿನಲ್ಲಿ ಈ ಶೆಡ್ಡಿಗೆ ಬಂದದ್ದು ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆಯುವುದಕ್ಕೆ. ಆಗಿನ ಮೇಸ್ತ್ರಿಗೆ ಕಣ್ಣಲ್ಲಿ ಪೊರೆ. ಹಿಡಿದು ನೋಡಮ್ಮ, ಆಡ್ತಾ ಇದೆಯಾ ಎಂದು ಶಾಫ್ಟನ್ನು ಅವರ ಕೈಗೆ ಕೊಡುತ್ತಿದ್ದರು. ಆಡ್ತಾ ಇದೆ ಎಂದರೆ ಬಿಚ್ಚುತ್ತಿದ್ದರು, ಇಲ್ಲ ಎಂದರೆ ಕಟ್ಟುತ್ತಿದ್ದರು. ಮೂರು ವರ್ಷವಾದ ಮೇಲೆ ಮೇಸ್ತ್ರಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಬಂದು ನೋಡಿದರೆ, ಕಣ್ಣಿದ್ದ ತಮಗಿಂತ ಕಣ್ಣು ಮುಚ್ಚಿಕೊಂಡ ಇವರ ಬೆರಳೇ ಮೇಲು. ಅವತ್ತೇ ಸ್ಟೂಲು ಬಿಟ್ಟುಕೊಟ್ಟರಂತೆ. ಮೇಸ್ತ್ರಿ ಈಗಿಲ್ಲ. ಸ್ಟೂಲು ಇದೆ.

ದಿನಕ್ಕೆ ಲಾರಿ ಟರ್ಬೊಗಳೇ ನಾಲ್ಕೈದು. ಒಂದೊಂದರಲ್ಲಿ ಮೂವತ್ತು ಚಿಲ್ಲರೆ ಭಾಗ. ಎಲ್ಲ ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸಿ, ತೂಕ ಸರಿದೂಗಿಸಿ ಮತ್ತೆ ಕಟ್ಟುವಷ್ಟರಲ್ಲಿ ಸಂಜೆ ಐದು. ಉಗುರಿನ ಸಂದಿಯ ಕಪ್ಪು ಮದುವೆಯ ಫೋಟೊದಲ್ಲೂ ಕಾಣುತ್ತದೆ. ಅದು ತಂಗಿಯ ಮದುವೆ, ತಮ್ಮದರ ಕಾಲಕ್ಕೆ ಕೈ ಬೆಳ್ಳಗಿತ್ತು ಎಂದು ತಿದ್ದುತ್ತಾರೆ. ಇದರ ನಡುವೆ, ಎಂಜಿನ್ ಬಲ ಹೆಚ್ಚಿಸಿಕೊಂಡ ಕಾರಿನವರು ಯಾವ ಟರ್ಬೊ ಹಾಕಲಿ ಎಂದು ಹುಡುಕಿಕೊಂಡು ಬರುತ್ತಾರೆ. ಹನ್ನೆರಡು ವರ್ಷದಲ್ಲಿ ಅಂಥ ನಲವತ್ತೊಂದು ಕಾರಿಗೆ ಅಕ್ಕ ಟರ್ಬೊ ಆರಿಸಿಕೊಟ್ಟಿದ್ದಾರೆ. ಒಂದರ ಎಂಜಿನ್ನೂ ಒಡೆದಿಲ್ಲ. ಇನ್ನೊಂದು ವಿಚಿತ್ರ ಕೇಳಿ: ಅಕ್ಕನಿಗೆ ಕಾರು ಓಡಿಸಲು ಬರುವುದಿಲ್ಲ. ಸೈಕಲ್ಲೂ ಅಷ್ಟಕ್ಕಷ್ಟೆ.

ಹಾಗಾದರೆ ಆರಿಸುವುದು ಹೇಗೆ? ಚುಕ್ಕಿ ಹಾಳೆಯಿಂದ. ಇದು ಯಾವ ಪುಸ್ತಕದಲ್ಲೂ ಇಲ್ಲ, ಅಕ್ಕ ತಾವೇ ಕಟ್ಟಿಕೊಂಡ ಪದ್ಧತಿ. ಕಾರಿನವರು ದಿನಾ ಓಡಾಡುವ ದಾರಿಯಲ್ಲೇ ಅವರ ಪಕ್ಕದ ಸೀಟಿನಲ್ಲಿ ಕೂರುತ್ತಾರೆ. ಮಡಿಲಲ್ಲಿ ಹಾಳೆ, ಕೈಯಲ್ಲಿ ಪೆನ್ಸಿಲು. ಹಾಳೆಯ ಮೇಲೆ ಎಂಜಿನ್ನಿನ ಸುತ್ತು, ಸಾವಿರದಿಂದ ಏಳು ಸಾವಿರದವರೆಗೆ, ಸಾಲಾಗಿ ಬರೆದಿರುತ್ತದೆ. ಹತ್ತು ಎಣಿಸುವುದು, ಮೀಟರಿನ ಮುಳ್ಳು ನೋಡುವುದು, ಅದಿದ್ದಲ್ಲಿ ಚುಕ್ಕಿ ಇಡುವುದು. ಗಂಟೆಗೆ ಮುನ್ನೂರ ಅರವತ್ತು ಚುಕ್ಕಿ. ಕೊನೆಗೆ ಎಲ್ಲಿ ರಾಶಿ ಬಿದ್ದಿದೆಯೋ ಅಲ್ಲಿ ಎದ್ದು ಕೂರುವ ಟರ್ಬೊ ಹಾಕಬೇಕು.

"ಮೀಟರ್ ಕೊನೇಲಿ ಏಳು ಸಾವಿರ ಅಂತ ಬರ್ದಿರತ್ತೆ. ಅಲ್ಲಿಗೆ ಹೋಗಿ ಬರ್ತಾರೆ ಅಷ್ಟೇ, ಅಲ್ಲಿ ಯಾರೂ ಸಂಸಾರ ಮಾಡಲ್ಲ" ಎನ್ನುತ್ತಾರೆ ಅಕ್ಕ. "ಸಂಸಾರ ಎಲ್ಲಿದೆಯೋ ಅಲ್ಲಿ ನೋಡ್ಬೇಕು."

ಕಂದು ಕಾರಿನ ಒಡತಿ ಹಲ್ಲಿನ ಡಾಕ್ಟರು. ನಲವತ್ತರ ಆಸುಪಾಸು, ಮೆತ್ತಗಿನ ಮಾತು. ಎರಡು ವರ್ಷದ ಹಿಂದೆ ಬೇರೆಲ್ಲೋ ಪಟ್ಟಿ ನೋಡಿ ಆರಿಸಿದ ದೊಡ್ಡ ಟರ್ಬೊ ಹಾಕಿಸಿದ್ದರು. ಅದು ಮಲಗಿದ್ದು ಮಲಗಿದ್ದು ಒಮ್ಮೆಲೇ ಎದ್ದ ಹೊಡೆತಕ್ಕೆ ಎಂಜಿನ್ನಿನ ಹೊಟ್ಟೆ ಸೀಳಿ ಒಳಗಿನ ರಾಡು ರಸ್ತೆಗೆ ಬಿತ್ತು. ಆಮೇಲೆ ಪ್ರತಿ ಭಾನುವಾರ ಕೂತು, ಗಂಡ ಟಾರ್ಚು ಹಿಡಿದುಕೊಂಡು ನಿಂತರೆ, ಡಾಕ್ಟರು ತಮ್ಮ ಕೈಯಾರೆ ಎರಡನೆಯ ಎಂಜಿನ್ ಜೋಡಿಸಿದ್ದಾರೆ. ಸದ್ಯಕ್ಕೆ ಅದಕ್ಕೆ ಕಾರಿನ ಜತೆ ಬಂದ ಹಳೆಯ ಟರ್ಬೊವನ್ನೇ ಹಾಕಿ ಓಡಿಸುತ್ತಿದ್ದರು. ಇನ್ನೊಂದು ಸಲ ಒಡೆದರೆ ಕಾರು ಮಾರಿಬಿಡುತ್ತೇನೆ ಎಂದು ಮನೆಯಲ್ಲಿ ಮಾತು ಕೊಟ್ಟಿದ್ದಾರೆ. ಅದನ್ನು ಅಕ್ಕನಿಗೆ ಹೇಳುವಾಗ ಅವರು ಕಾರಿನ ಕಡೆ ನೋಡಲಿಲ್ಲವಂತೆ.

ಮೊದಲ ದಿನ ಎಲ್ಲ ಸಸೂತ್ರವಾಗಿತ್ತು. ಅಕ್ಕ ಪಕ್ಕದಲ್ಲಿ ಕೂತರು, ಚುಕ್ಕಿ ಇಟ್ಟರು, ರಾಶಿ ಮೂರು ಸಾವಿರದ ಹತ್ತಿರ ಬಿತ್ತು. ಹಾಗಾದರೆ ಚಿಕ್ಕವನೇ ಸಾಕು. ಡಾಕ್ಟರೂ ತಲೆಯಾಡಿಸಿದರು.

ನಾಲ್ಕನೆಯ ದಿನ ಡಾಕ್ಟರ ಗಂಡ ಬಂದರು. ಶಾಲೆಯಲ್ಲಿ ಗಣಿತದ ಮೇಷ್ಟ್ರು, ಬಹಳ ಒಳ್ಳೆಯ ಮನುಷ್ಯ, ಕೇಡೆಲ್ಲ ಇಂಥವರಿಂದಲೇ ಆಗುವುದು. ಸಹಾಯವಾಗಲಿ ಎಂದು ಮೀಟರಿನ ಮುಂದೆ ಮೊಬೈಲು ಕಟ್ಟಿ, ಹೆಂಡತಿ ಒಬ್ಬರೇ ಅದೇ ದಾರಿಯಲ್ಲಿ ಹೋಗಿ ಬಂದದ್ದನ್ನು ವಿಡಿಯೊ ಮಾಡಿ, ಹತ್ತು ಸೆಕೆಂಡಿಗೊಂದರಂತೆ ಚುಕ್ಕಿ ಇಟ್ಟು ಇನ್ನೊಂದು ಹಾಳೆ ತಯಾರಿಸಿ ತಂದಿದ್ದರು. ಅಕ್ಕ ಎರಡೂ ಹಾಳೆಯನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಹಿಡಿದು ನೋಡಿದರು. ರಾಶಿಗೆ ರಾಶಿ ಕೂಡಲಿಲ್ಲ. ಮೇಷ್ಟ್ರ ಹಾಳೆಯಲ್ಲಿ ರಾಶಿ ನಾಲ್ಕೂವರೆ ಸಾವಿರದಲ್ಲಿತ್ತು.

ಅದೇ ಕಾರು, ಅದೇ ದಾರಿ, ಅದೇ ಕಾಲು. ಅಕ್ಕ ಮೊದಲು ಮೊಬೈಲಿನ ಮೇಲೆ ಅನುಮಾನಪಟ್ಟರು. ಆಮೇಲೆ ಮೀಟರಿನ ಮೇಲೆ. ಆಮೇಲೆ ತಮ್ಮ ಕನ್ನಡಕದ ಮೇಲೆ. ನಾಲ್ಕೂವರೆ ಸಾವಿರದಲ್ಲಿ ಸಂಸಾರ ಮಾಡುವವರಿಗೆ ಚಿಕ್ಕವನನ್ನು ಹಾಕಿದರೆ ಅದು ಏದುಸಿರು ಬಿಟ್ಟು ಕಾದು ಕೆಂಡವಾಗುತ್ತದೆ, ಎಂಜಿನ್ನನ್ನೂ ಬೇಯಿಸುತ್ತದೆ. ಮೂರು ಸಾವಿರದವರಿಗೆ ದೊಡ್ಡವನನ್ನು ಹಾಕಿದರೆ ಹಿಂದಿನ ಕಥೆಯೇ ಮತ್ತೆ. ಅತ್ತ ದರಿ, ಇತ್ತ ಪುಲಿ. ಎರಡರ ಸರಾಸರಿ ತೆಗೆಯೋಣವೇ ಎಂದು ಮೇಷ್ಟ್ರು ಕೇಳಿದರು. ಇಬ್ಬರ ಅಳತೆ ಸೇರಿಸಿ ಸರಾಸರಿ ಅಂಗಿ ಹೊಲಿದರೆ ಇಬ್ಬರಿಗೂ ಆಗುವುದಿಲ್ಲ ಎಂದರು ಅಕ್ಕ. ಅವರ ಯಜಮಾನರು ಟೈಲರು; ಬಟ್ಟೆಯ ಲೆಕ್ಕ ಅವರಿಗೆ ಬಾಯಿಪಾಠ.

ಎರಡು ದಿನ ಅಕ್ಕನ ಕೈ ಕೆಲಸದಲ್ಲಿ, ತಲೆ ಹಾಳೆಯಲ್ಲಿ. ಲಾರಿ ಟರ್ಬೊ ಒಂದಕ್ಕೆ ಎಣ್ಣೆ ತಡೆಯುವ ಸೀಲು ಹಾಕದೆ ಕಟ್ಟಿ, ನೆನಪಾಗಿ ಮತ್ತೆ ಬಿಚ್ಚಿದರು. ಇಪ್ಪತ್ತಾರು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು. ಏಳನೆಯ ದಿನ ಧೈರ್ಯ ಮಾಡಿ ಹಳೆಯ ಗಿರಾಕಿಯೊಬ್ಬನಿಗೆ ಫೋನು ಮಾಡಿದರು. ಬೇಕರಿ ನಡೆಸುವವನು, ಎಂಟು ವರ್ಷದ ಹಿಂದೆ ಅವನ ಕಾರಿಗೆ ಅಕ್ಕನೇ ಟರ್ಬೊ ಆರಿಸಿದ್ದು. ಆವತ್ತು ನಾನು ಪಕ್ಕದಲ್ಲಿ ಕೂತಿದ್ದಾಗ ನೀನು ಎಂದಿನಂತೆಯೇ ಓಡಿಸಿದೆಯಾ ಎಂದು ಕೇಳಿದರು.

"ಅದು ಹೇಗಾಗತ್ತೆ ಅಕ್ಕ? ಪಕ್ಕದಲ್ಲಿ ನೀವು, ಮಡಿಲಲ್ಲಿ ಹಾಳೆ, ಕೈಯಲ್ಲಿ ಪೆನ್ಸಿಲ್ಲು. ನಂಗೆ ಲೈಸೆನ್ಸ್ ಪರೀಕ್ಷೆಗೆ ಕೂತ ಹಾಗಿತ್ತು. ಅವತ್ತು ಓಡಿಸಿದಷ್ಟು ಜೋಪಾನವಾಗಿ ನಮ್ಮಮ್ಮನ್ನ ಕೂರಿಸ್ಕೊಂಡೂ ಓಡಿಸಿಲ್ಲ."

ಅಕ್ಕ ಫೋನು ಇಟ್ಟು ಸ್ಟೂಲಿನ ಮೇಲೆ ಕೂತುಬಿಟ್ಟರು. ಇನ್ನಿಬ್ಬರಿಗೆ ಫೋನು ಮಾಡಿದರೂ ಅದೇ ರಾಗ, ಅದೇ ತಾಳ. ಅಂದರೆ ನಲವತ್ತೊಂದು ಹಾಳೆಯೂ ಸುಳ್ಳು. ಮುಳ್ಳು ಸುಳ್ಳು ಹೇಳಿಲ್ಲ, ಚುಕ್ಕಿ ಸುಳ್ಳು ಹೇಳಿಲ್ಲ. ಪಕ್ಕದಲ್ಲಿ ಕೂತ ಇವರಿಂದಲೇ ಎಲ್ಲರ ಕಾಲೂ ಮೆತ್ತಗಾಗಿತ್ತು. ಇವರು ಆರಿಸಿದ ಒಂದೊಂದು ಟರ್ಬೊವೂ ಒಂದು ಅಳತೆ ಚಿಕ್ಕದು. ಒಂದೂ ಎಂಜಿನ್ ಒಡೆದಿಲ್ಲ ಎಂಬ ಹೆಮ್ಮೆ ತಮ್ಮ ಜಾಣ್ಮೆಯದ್ದೋ, ಬರೀ ಗ್ರಹಚಾರ ನೆಟ್ಟಗಿದ್ದದ್ದೋ, ಅಕ್ಕನಿಗೆ ತಿಳಿಯಲಿಲ್ಲ. ಆ ದಿನ ಅತ್ತದ್ದನ್ನು ಒಪ್ಪಿಕೊಳ್ಳಲು ಅವರಿಗೆ ನಾಚಿಕೆಯಿಲ್ಲ.

ಸಂಜೆ ಟೈಲರ್ ಯಜಮಾನರ ಮುಂದೆ ಹೇಳಿಕೊಂಡರು. ಅವರು ಹೊಲಿಗೆ ನಿಲ್ಲಿಸಲೂ ಇಲ್ಲ.

"ಟೇಪ್ ಹಿಡಿದ ತಕ್ಷಣ ಎಲ್ಲರೂ ಹೊಟ್ಟೆ ಒಳಗೆ ಎಳ್ಕೋತಾರೆ ಕಣೇ. ಅದಕ್ಕೆ ನಾನು ಎರಡು ಬೆರಳು ಸೇರಿಸಿಯೇ ಕತ್ತರಿಸೋದು."

ಮೂವತ್ತು ವರ್ಷದಿಂದ ಒಂದೇ ಸೂರಿನ ಕೆಳಗಿದ್ದು ಇದನ್ನು ಇವತ್ತು ಹೇಳುತ್ತಿದ್ದೀರಲ್ಲ ಎಂದು ಅಕ್ಕ ರೇಗಿದರು. ನೀನು ಕೇಳಿದ್ದೇ ಇವತ್ತು ಎಂದರು ಅವರು, ಸೂಜಿಗೆ ದಾರ ಪೋಣಿಸುತ್ತ. ಸರಿ, ಎರಡು ಬೆರಳು ಸೇರಿಸೋಣ. ಆದರೆ ಡಾಕ್ಟರು ಒಳಗೆಳೆದುಕೊಂಡದ್ದು ಎರಡು ಬೆರಳೋ ನಾಲ್ಕು ಬೆರಳೋ? ಮೇಷ್ಟ್ರ ಹಾಳೆ ಒಂದೇ ದಿನದ್ದು. ಮೊಬೈಲು ಕಟ್ಟಿದ ಹುರುಪಿಗೆ ಅವತ್ತು ಹೆಚ್ಚಾಗಿ ಒತ್ತಿದ್ದರೆ? ಬಗೆಹರಿಯುವುದರ ಬದಲು ಗೋಜಲು ಇನ್ನಷ್ಟು ಗಂಟುಬಿತ್ತು.

ಎಂಟನೆಯ ದಿನ ಅಕ್ಕ ಡಾಕ್ಟರ ಪಕ್ಕದಲ್ಲಿ ಮತ್ತೆ ಕೂತು, ನಾನು ಇಲ್ಲವೇ ಇಲ್ಲ ಎಂದುಕೊಂಡು ಓಡಿಸಿ ಎಂದು ಕೇಳಿಕೊಂಡರು. ಡಾಕ್ಟರು ಪ್ರಾಮಾಣಿಕವಾಗಿ ಪ್ರಯತ್ನಪಟ್ಟರು. ಒಮ್ಮೆ ಜೋರಾಗಿ ಒತ್ತುವುದು, ಕೂಡಲೇ ಅಕ್ಕನ ಕಡೆ ತಿರುಗಿ ಕ್ಷಮಿಸಿ ಎನ್ನುವುದು, ಮತ್ತೆ ಕಾಲು ತೆಗೆಯುವುದು. ಹಾಳೆಯಲ್ಲಿ ಚುಕ್ಕಿಗಳು ಮನೆ ತುಂಬ ಚೆಲ್ಲಿದ ಸಾಸಿವೆಯ ಹಾಗೆ ಬಿದ್ದಿದ್ದವು. ಇರುವವರನ್ನು ಇಲ್ಲ ಎಂದುಕೊಳ್ಳುವುದು ಹೇಗಕ್ಕ ಎಂದು ಡಾಕ್ಟರೇ ಕೊನೆಗೆ ಕೈಚೆಲ್ಲಿದರು.

ಶೆಡ್ಡಿನ ಮುಂದೆ ಕಾರು ನಿಲ್ಲಿಸಿ ಇಬ್ಬರೂ ಟೀ ಕುಡಿಯುತ್ತ ಕೂತಾಗ ಡಾಕ್ಟರು ತಮ್ಮ ಕಸುಬಿನ ಮಾತು ತೆಗೆದರು. ದಿನಕ್ಕೆ ಎಷ್ಟು ಸಲ ಹಲ್ಲುಜ್ಜುತ್ತೀರಿ ಎಂದು ಕೇಳಿದರೆ ಇದುವರೆಗೆ ಒಬ್ಬರೂ ಒಂದೇ ಸಲ ಎಂದಿಲ್ಲವಂತೆ. ಎಲ್ಲರದೂ ಎರಡೇ ಸಲ.

"ಕೇಳೋದು ಮರ್ಯಾದೆಗೆ ಅಷ್ಟೇ ಅಕ್ಕ. ಬಾಯಿ ತೆಗೆದ್ರೆ ಹಲ್ಲೇ ಹೇಳತ್ತಲ್ಲ."

ಅಕ್ಕ ಅರ್ಧ ಲೋಟ ಟೀ ಅಲ್ಲೇ ಬಿಟ್ಟು ಎದ್ದರು. ಎಂಜಿನ್ ತಣ್ಣಗಾಗುವವರೆಗೆ ಕಾಯುವುದೇ ದೊಡ್ಡ ಕಷ್ಟವಾಯಿತಂತೆ. ಕಾರಿನಲ್ಲಿದ್ದ ಆ ಹಳೆಯ ಟರ್ಬೊವನ್ನು ಬಿಚ್ಚಿ, ತೊಳೆದು, ಬಿಳಿ ಬಟ್ಟೆಯ ಮೇಲೆ ಹರಡಿದರು. ವರ್ಷವಿಡೀ ಡಾಕ್ಟರ ಕಾಲಿನ ಕೆಳಗೆ ತಿರುಗಿದ್ದು ಅದೇ. ಅದರ ಪಕ್ಕದಲ್ಲಿ ಯಾರೂ ಪೆನ್ಸಿಲು ಹಿಡಿದು ಕೂತಿರಲಿಲ್ಲ. ದಿನಕ್ಕೆ ಐದರಂತೆ ಇಪ್ಪತ್ತಾರು ವರ್ಷ ಇಂಥವನ್ನೇ ತೊಳೆದ ಹೆಂಗಸು, ಆರಿಸುವ ಕೆಲಸಕ್ಕೆ ಮಾತ್ರ ಹಾಳೆ ಹಿಡಿದುಕೊಂಡು ಊರು ಸುತ್ತಿದ್ದರು! ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಎಂದು ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ.

ಹೊಗೆಯ ಕಡೆಯ ಶಾಫ್ಟಿಗೆ ಕಾವಿನ ನೀಲಿ ಬಣ್ಣ ಅಷ್ಟಾಗಿ ಹತ್ತಿರಲಿಲ್ಲ. ತುಂಬ ಹೊತ್ತು ಒಂದೇ ಸಮನೆ ಒತ್ತಿ ಹಿಡಿದವರ ಕಾರಿನಲ್ಲಿ ಅದು ನವಿಲುಗರಿಯಂತಾಗಿರುತ್ತದೆ. ಆದರೆ ಶಾಫ್ಟು ಹಿಂದೆ ಮುಂದೆ ಸರಿಯದಂತೆ ತಡೆಯುವ ತೆಳ್ಳನೆಯ ಬಿಲ್ಲೆ ಒಂದು ಕಡೆ ಚೆನ್ನಾಗಿ ಸವೆದಿತ್ತು. ಅದು ಮತ್ತೆ ಮತ್ತೆ ಒತ್ತಿ ಬಿಟ್ಟವರ ಗುರುತು. ಡಾಕ್ಟರು ಮೂರು ಸಾವಿರದಲ್ಲೂ ಸಂಸಾರ ಮಾಡುವವರಲ್ಲ, ನಾಲ್ಕೂವರೆಯಲ್ಲೂ ಅಲ್ಲ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವವರು. ಅಂಥವರಿಗೆ ಚಿಕ್ಕವನೂ ಆಗುವುದಿಲ್ಲ, ದೊಡ್ಡವನೂ ಆಗುವುದಿಲ್ಲ. ಅಕ್ಕ ಇಬ್ಬರನ್ನೂ ಟವೆಲಿನಲ್ಲಿ ಸುತ್ತಿ ಕಪಾಟಿಗೆ ಸೇರಿಸಿದರು.

ಈಗ ಬೆಂಚಿನ ಮೇಲಿರುವುದು ನಡುವಣವನು. ಫ್ಯಾನು ಮಧ್ಯಮ ಅಳತೆಯದ್ದು. ವಿಶೇಷವಿರುವುದು ಹೊಗೆ ಒಳಬರುವ ಕಡೆ: ಒಂದರ ಬದಲು ಎರಡು ಬಾಯಿ. ಆರು ಸಿಲಿಂಡರಿನ ಎಂಜಿನ್ನಿನಲ್ಲಿ ಮುಂದಿನ ಮೂರು, ಹಿಂದಿನ ಮೂರು ಸರದಿಯ ಮೇಲೆ ಉಸಿರು ಬಿಡುತ್ತವೆ. ಎಲ್ಲವನ್ನೂ ಒಂದೇ ಬಾಯಿಗೆ ತುರುಕಿದರೆ ಬಸ್ಸಿನ ಬಾಗಿಲಲ್ಲಿ ಆದಂತೆ ನೂಕುನುಗ್ಗಲು. ಮೂರಕ್ಕೊಂದು ದಾರಿ ಕೊಟ್ಟರೆ ಅಡ್ಡಿಯಿಲ್ಲದೆ ಬಂದು ಫ್ಯಾನನ್ನು ಬೇಗ ಎಬ್ಬಿಸುತ್ತವೆ, ದಣಿಸುವುದೂ ಇಲ್ಲ. ಅದಕ್ಕಾಗಿ ಪೈಪುಗಳನ್ನು ಮೂರು ಮೂರಾಗಿ ಮತ್ತೆ ಬೆಸೆಯಬೇಕಾಯಿತು, ವೆಲ್ಡರಿಗೆ ಎರಡು ದಿನ ಹಿಡಿಯಿತು. ಇಷ್ಟೆಲ್ಲ ಖಚಿತವಾಗಿ ವಿವರಿಸಿದ ಮೇಲೆ ಅಕ್ಕ ಮುಖ ಸಪ್ಪಗೆ ಮಾಡಿಕೊಂಡು, "ಸರಿನಾ ಅಂತ ಕೇಳ್ಬೇಡಿ, ನಂಗೊತ್ತಿಲ್ಲ" ಎನ್ನುತ್ತಾರೆ.

ಮಧ್ಯಾಹ್ನ ಒಂದು ಗಂಟೆಗೆ ಕೊನೆಯ ನಟ್ಟು ಬಿಗಿಯಾಗುತ್ತದೆ. ಡಾಕ್ಟರು ಬಂದು ಸೀಟಿನಲ್ಲಿ ಕೂತು, ಪಕ್ಕದ ಬಾಗಿಲು ತೆರೆದು ಕಾಯುತ್ತಾರೆ. ಅಕ್ಕ ಆ ಬಾಗಿಲನ್ನು ಹೊರಗಿನಿಂದಲೇ ಮುಚ್ಚುತ್ತಾರೆ. ನಾನು ಕೂತರೆ ಕಾರು ಮತ್ತೆ ಸುಳ್ಳು ಹೇಳುತ್ತದೆ, ಒಬ್ಬರೇ ಹೋಗಿ ಬನ್ನಿ ಎನ್ನುತ್ತಾರೆ. ಕಾರು ಗೋದಾಮುಗಳ ಸಾಲು ದಾಟಿ ತಿರುಗುತ್ತದೆ. ಅಕ್ಕ ಶೆಡ್ಡಿನ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಲ್ಲುತ್ತಾರೆ. ದೂರದಲ್ಲಿ ಎಂಜಿನ್ ಸದ್ದು ಏರುತ್ತದೆ, ಅದರೊಳಗಿಂದ ತೆಳುವಾದ ಸಿಳ್ಳೆಯೊಂದು ಹೊರಡುತ್ತದೆ, ಇಳಿಯುತ್ತದೆ, ಮತ್ತೆ ಹೊರಡುತ್ತದೆ. ಆಮೇಲೆ ಏನೂ ಕೇಳಿಸುವುದಿಲ್ಲ. ನಲವತ್ತು ನಿಮಿಷ ಅಕ್ಕ ಒಂದೇ ಬೋಲ್ಟನ್ನು ಒರೆಸುತ್ತಾರೆ.

ತಿರುಗಿ ಬಂದ ಡಾಕ್ಟರು ಎಂಜಿನ್ ನಿಲ್ಲಿಸಿ, ಇಳಿಯುವ ಮೊದಲೇ ಕಿಟಕಿಯ ಗಾಜು ಇಳಿಸುತ್ತಾರೆ. ಮೂರೂವರೆ ಸಾವಿರಕ್ಕೇ ಎದ್ದು ನಿಲ್ಲುತ್ತದೆ, ಹೊಡೆತವಿಲ್ಲ, ಆರು ಸಾವಿರದವರೆಗೆ ಸುಸ್ತೂ ಇಲ್ಲ, ಕಾವೂ ಮಿತಿಯಲ್ಲೇ ಇದೆ ಎಂದು ಒಂದೊಂದಾಗಿ ಹೇಳುತ್ತಾರೆ. ಹೇಳುತ್ತ ಹೇಳುತ್ತ ಅವರ ಕಣ್ಣು ತುಂಬುತ್ತದೆ. ಅಕ್ಕ ಬಾನೆಟ್ ಎತ್ತಿ, ಬೆಸುಗೆಗಳನ್ನೆಲ್ಲ ಒಂದೊಂದಾಗಿ ನೋಡಿ ಮುಚ್ಚುತ್ತಾರೆ. "ಒಂದು ವರ್ಷ ಓಡ್ಲಿ. ಆಮೇಲೆ ಬಿಚ್ಚಿ ನೋಡೋಣ."

ಇಷ್ಟಕ್ಕೇ ಅಕ್ಕನ ಲೆಕ್ಕ ಮುಗಿಯುವುದಿಲ್ಲ. ಹಳೆಯ ನಲವತ್ತೊಂದು ಜನರಿಗೂ ಅವರು ಫೋನು ಮಾಡಿದ್ದಾರೆ. ನನ್ನ ತಪ್ಪಿನಿಂದ ನಿಮ್ಮ ಟರ್ಬೊ ಒಂದು ಅಳತೆ ಚಿಕ್ಕದಾಗಿದೆ, ಬನ್ನಿ, ನಾನೇ ಬದಲಿಸಿಕೊಡುತ್ತೇನೆ ಎಂದಿದ್ದಾರೆ. ಮೂವತ್ತೆಂಟು ಮಂದಿ ಸಿಕ್ಕರು. ಒಬ್ಬರೂ ಒಪ್ಪಲಿಲ್ಲ. ಯಾಕೆಂದು ಅಕ್ಕನಿಗೆ ಅರ್ಥವಾಗಿರಲಿಲ್ಲ, ಬೇಕರಿಯವನು ಬಿಡಿಸಿ ಹೇಳುವವರೆಗೆ. ಅವನ ಕಾರು ಒಂದು ಮಟ್ಟದ ಮೇಲೆ ಏದುಸಿರು ಬಿಡುತ್ತದಂತೆ. ಹಾಗಾದಾಗಲೆಲ್ಲ ಅವನಿಗೆ ಪಕ್ಕದ ಸೀಟಿನಲ್ಲಿ ಅಕ್ಕ ಪೆನ್ಸಿಲು ಹಿಡಿದು ಕೂತ ಹಾಗೆ ಅನ್ನಿಸಿ ಕಾಲು ತಾನಾಗಿ ಹಿಂದೆ ಬರುತ್ತದಂತೆ. ಎಂಟು ವರ್ಷದಿಂದ ಹಾಗೇ ನಡೆದಿದೆ. ಬದಲಿಸುವುದು ಬೇಡ ಎಂದನಂತೆ.

ಇದನ್ನು ಹೇಳುವಾಗ ಅಕ್ಕ ಮುಂದಿನ ಲಾರಿ ಟರ್ಬೊವನ್ನು ವೈಸಿಗೆ ಕೂರಿಸುತ್ತಿದ್ದಾರೆ. ಶಾಫ್ಟಿನ ತುದಿಗೆ ಬೆರಳು ಹೋಗುತ್ತದೆ, ಕಣ್ಣು ಮುಚ್ಚುತ್ತದೆ.

"ನಂಗೆ ಓಡ್ಸಕ್ಕೆ ಬರಲ್ಲ" ಎನ್ನುತ್ತಾರೆ. "ಆದ್ರೂ ಅಷ್ಟು ಗಾಡೀಲಿ ಇನ್ನೂ ಕೂತಿದ್ದೀನಂತೆ."